ಬ್ರೇಕಣ್ಣನೂ ಗುಂಡಿ ಕಾರೂ

ಅಪ್ಪ ಅಮ್ಮ ಇಟ್ಟ ಹೆಸರೊಂದು ಆತನಿಗೂ ಇತ್ತು. ಆದರೆ ಕರೆಂಟ್ ಬಿಲ್ಲಿನ ಮೇಲೆ ಬಿಟ್ಟರೆ ಅದು ಈಗ ಬೇರೆಲ್ಲೂ ಉಳಿದಿರಲಿಲ್ಲ. ಆ ಏರುರಸ್ತೆಯ ಎರಡೂ ಬದಿಯ ಜನಕ್ಕೆ ಆತ ಬ್ರೇಕಣ್ಣ. ರಸ್ತೆಯ ನಡುಮಧ್ಯೆ, ಏರು ತಾನೇ ಸುಸ್ತಾಗಿ ಒಂದು ಉಸಿರು ತೆಗೆದುಕೊಂಡ ಹಾಗೆ ಸ್ವಲ್ಪ ಸಮತಟ್ಟಾಗುವ ಜಾಗದಲ್ಲಿ ಅವನ ಗ್ಯಾರೇಜು. ಮೇಲಿನ ಮಹಡಿಯಲ್ಲಿ ಮನೆ. ಕೆಳಗಿನಿಂದ ಸ್ಪ್ಯಾನರಿನ ಸದ್ದು ಮೇಲಕ್ಕೆ ಹೋಗುತ್ತಿತ್ತು, ಮೇಲಿನಿಂದ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಕೆಳಕ್ಕೆ ಬರುತ್ತಿತ್ತು. ಮೂವತ್ತು ವರ್ಷದಿಂದ ಗಂಡ ಹೆಂಡತಿ ಬಾಯಿ ತೆರೆಯದೆಯೂ ಹೀಗೆ ಮಾತಾಡಿಕೊಂಡೇ ಇದ್ದರು.

ಬ್ರೇಕಣ್ಣ ಎಂಬ ಹೆಸರು ಬಂದದ್ದು ಒಂದು ಪ್ರಶ್ನೆಯಿಂದ. ಯಾರೇ ಗಾಡಿ ನಿಲ್ಲಿಸಿ ಇಳಿಯಲಿ, ನಮಸ್ಕಾರಕ್ಕೂ ಮೊದಲು ಅವನ ಬಾಯಿಂದ ಬರುತ್ತಿದ್ದ ಮಾತು ಒಂದೇ: "ಹ್ಯಾಂಡ್ ಬ್ರೇಕ್ ಎಳೆದ್ರಾ?" ಮಗನ ಮದುವೆಯ ದಿನ ಹೊಸ ಜೋಡಿ ಕಾರಿನಿಂದ ಇಳಿಯುವಾಗ ನೆಂಟರೆಲ್ಲ ಆತ ಏನು ಹರಸುತ್ತಾನೋ ಎಂದು ಕಾಯುತ್ತಿದ್ದರೆ, ಆತ ಕೇಳಿದ್ದೂ ಅದನ್ನೇ. ಅಂದು ಕಾರು ಓಡಿಸಿಕೊಂಡು ಬಂದಿದ್ದವಳು ಮದುವೆ ಹೆಣ್ಣೇ. "ಎಳೆದಿದೀನಿ ಮಾವ, ಗೇರಲ್ಲೂ ಹಾಕಿದೀನಿ" ಎಂದಳು. ಅವತ್ತಿನಿಂದ ಸೊಸೆ ಎಂದರೆ ಅವನಿಗೆ ಒಂದು ತೂಕ ಹೆಚ್ಚು.

ಆ ಪ್ರಶ್ನೆಯ ಹಿಂದೆ ಒಂದು ಸೈಕಲ್ ಇತ್ತು. ಹತ್ತೊಂಬತ್ತರ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದಾಗ, ಇದೇ ರಸ್ತೆಯಲ್ಲಿ ಒಂದು ವ್ಯಾನನ್ನು ಹ್ಯಾಂಡ್ ಬ್ರೇಕ್ ಎಳೆಯದೆ ಬಿಟ್ಟು ನೀರು ಕುಡಿಯಲು ಹೋಗಿದ್ದ. ವ್ಯಾನು ಯಾರಿಗೂ ತೊಂದರೆ ಕೊಡದೆ, ಬಹಳ ಮರ್ಯಾದಸ್ಥರ ಹಾಗೆ ನಿಧಾನಕ್ಕೆ ಇಳಿದು ಹೋಗಿ, ಕ್ಷೌರದಂಗಡಿ ದಾಟಿ, ನೀರಿನ ತೊಟ್ಟಿಗೆ ಒರಗಿ ನಿಂತಿತು. ನಡುವೆ ಸಿಕ್ಕಿದ್ದು ಗುರುವಿನ ಸೈಕಲ್ ಒಂದೇ. ಗುರು ಬಯ್ಯಲಿಲ್ಲ. ಚಪ್ಪಟೆಯಾದ ಸೈಕಲ್ಲನ್ನು ಗೋಡೆಗೆ ಮೊಳೆ ಹೊಡೆದು ತೂಗು ಹಾಕಿ, "ದಿನಾ ಬೆಳಿಗ್ಗೆ ನೋಡ್ಕೋ" ಎಂದ, ಅಷ್ಟೇ. ಗುರು ಹೋದ ಮೇಲೆ ಆ ಸೈಕಲ್ ಬ್ರೇಕಣ್ಣನ ಗೋಡೆಗೆ ಬಂತು.

ಅಂದಿನಿಂದ ಅವನ ಎಡಗೈಗೆ ಸ್ವಂತ ಬುದ್ಧಿ ಬಂದುಬಿಟ್ಟಿತ್ತು. ಕಾರಿನ ಪಕ್ಕದಿಂದ ಎದ್ದಾಗಲೆಲ್ಲ, ತಲೆ ಏನು ಯೋಚಿಸುತ್ತಿದ್ದರೂ ಸರಿ, ಕೈ ಒಳಗೆ ಹೋಗಿ ಹ್ಯಾಂಡ್ ಬ್ರೇಕ್ ಎಳೆದು ಬರುತ್ತಿತ್ತು. ಕಟ ಕಟ ಎಂದು ಹಲ್ಲು ಎಣಿಸುತ್ತಿತ್ತು. ಐದು ಹಲ್ಲಿಗೆ ನಿಂತರೆ ಸರಿ. ಮೂರಕ್ಕೇ ಬಿಗಿದರೆ ಕೇಬಲ್ ಬಿಗಿ. ಎಂಟು ದಾಟಿದರೆ ಹಿಂದಿನ ಬ್ರೇಕು ಸವೆದಿದೆ. ಚಕ್ರ ಬಿಚ್ಚದೆಯೇ ರೋಗ ಹೇಳುತ್ತಾನೆ ಎಂದು ಪಕ್ಕದ ಬಡಾವಣೆಯವರೂ ಗಾಡಿ ತರುತ್ತಿದ್ದರು.

ಹೀಗಿರುವಾಗ ಗುಂಡಿ ಕಾರುಗಳು ಬಂದವು.

ಆ ಕಾರುಗಳಲ್ಲಿ ಎಳೆಯುವ ಹಿಡಿಯೇ ಇಲ್ಲ. ಅದರ ಜಾಗದಲ್ಲಿ ಹೆಬ್ಬೆರಳಿನಷ್ಟು ಒಂದು ಗುಂಡಿ. ಅದನ್ನು ಬೆರಳಲ್ಲಿ ಎತ್ತಿದರೆ ಹಿಂದಿನ ಎರಡೂ ಚಕ್ರದಲ್ಲಿ ಒಂದೊಂದು ಪುಟ್ಟ ಮೋಟಾರು ತಿರುಗಿ, ಪಿಸ್ಟನ್ನನ್ನು ಮುಂದಕ್ಕೆ ತಳ್ಳಿ, ಪ್ಯಾಡುಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ. ಒತ್ತಿದರೆ ಬಿಡುತ್ತವೆ. ಪ್ಯಾಡ್ ಬದಲಿಸಬೇಕಾದರೆ ಮೊದಲು ಕಾರಿನ ಕಂಪ್ಯೂಟರಿಗೆ ಹೇಳಿ ಆ ಮೋಟಾರನ್ನು ಹಿಂದಕ್ಕೆ ಸರಿಸಬೇಕು. ಹೇಳದೆ ಕೇಳದೆ ಪಿಸ್ಟನ್ನನ್ನು ಬಲವಂತವಾಗಿ ಒತ್ತಿದರೆ ಒಳಗಿನ ಹಲ್ಲು ಮುರಿಯುತ್ತದೆ. ಕಳೆದ ಒಂದು ವರ್ಷದಲ್ಲಿ ಇಂಥ ಐದು ಕಾರು ಬಂದಿದ್ದವು. ಐದನ್ನೂ ಬ್ರೇಕಣ್ಣ "ಕಂಪನಿಗೇ ತಗೊಂಡು ಹೋಗಿ" ಎಂದು ಬಾಗಿಲಿಂದಲೇ ಕಳಿಸಿದ್ದ. ಮಗ ಮತ್ತು ಸೊಸೆ ಸೇರಿ ಕೊಡಿಸಿದ, ಆ ಕಂಪ್ಯೂಟರಿನ ಜೊತೆ ಮಾತಾಡುವ ಸ್ಕ್ಯಾನರ್ ನಾಲ್ಕು ತಿಂಗಳಿಂದ ಪೆಟ್ಟಿಗೆಯಲ್ಲೇ ಕೂತಿತ್ತು. ಹೆಂಡತಿ ಅದಕ್ಕೊಂದು ಹೂವಿನ ಬಟ್ಟೆಯ ಕವರ್ ಹೊಲಿದು ಹಾಕಿದ್ದಳು.

ಆರನೇ ಗುಂಡಿ ಕಾರು ಬಂದದ್ದು ಒಂದು ಶನಿವಾರ. ಅದರಿಂದ ಇಳಿದವರು ಹಾಸಿಗೆ ಅಂಗಡಿಯ ಯಜಮಾನರು, ದುಂಡುಮುಖದ ನಗುಮುಖದ ಮನುಷ್ಯ. ರಿಪೇರಿಗೆ ಬಂದವರಲ್ಲ. ಗ್ಯಾರೇಜಿನ ಜಾಗ ಬಾಡಿಗೆಗೆ ಸಿಗುತ್ತದಾ ಎಂದು ಕೇಳಲು ಬಂದವರು. ಒಳಗೆಲ್ಲ ಹೆಜ್ಜೆ ಹಾಕಿ ಅಳೆದು, "ಇಲ್ಲಿ ಡಬಲ್ ಹಾಸಿಗೆ, ಅಲ್ಲಿ ದಿಂಬು. ಈ ಸೈಕಲ್ ಒಂದು ತೆಗೀತೀರಲ್ಲ?" ಎಂದರು. ಬ್ರೇಕಣ್ಣ ಗೋಡೆ ನೋಡಿದ, ನೆಲ ನೋಡಿದ. "ಬರೋ ಶನಿವಾರ ಸಂಜೆ ಐದಕ್ಕೆ ಬನ್ನಿ ಸಾರ್, ಹೇಳ್ತೀನಿ" ಎಂದ.

ಯಜಮಾನರ ಕಾರು ಹೊರಡುವಾಗ ಹಿಂದಿನ ಎಡಚಕ್ರ ಕೀಂ ಎಂದು ಸಣ್ಣಗೆ ಅತ್ತಿತು. ಪ್ಯಾಡ್ ಸವೆದು ತಗಡು ತಾಗುತ್ತಿರುವ ಸದ್ದು. ಬ್ರೇಕಣ್ಣ ಬಾಯಿ ತೆರೆದ. ಹೇಳಿದರೆ "ಹಾಗಾದರೆ ನೀವೇ ಮಾಡಿ" ಅನ್ನುತ್ತಾರೆ, ಆಗ "ನನಗೆ ಬರಲ್ಲ" ಅನ್ನಬೇಕು. ಬಾಯಿ ಮುಚ್ಚಿಕೊಂಡ. ಸವೆದ ಬ್ರೇಕಿನ ಗಾಡಿಯನ್ನು ಗೊತ್ತಿದ್ದೂ ಸುಮ್ಮನೆ ಕಳಿಸಿದ್ದು ಜೀವನದಲ್ಲಿ ಅದೇ ಮೊದಲು. ಆ ಕೀಂ ಸದ್ದು ವಾರವಿಡೀ ಅವನ ತಟ್ಟೆಯ ಮುಂದೆ, ದಿಂಬಿನ ಪಕ್ಕ ಕೂತಿತ್ತು.

"ಕೊಟ್ಬಿಡ್ತೀನಿ ಕಣೇ" ಎಂದು ಶುಕ್ರವಾರ ಹೆಂಡತಿಗೆ ಹೇಳಿದ. "ಕೆಲಸ ಬರದವನು ಶಟರ್ ತೆಗೆದು ಕೂತ್ಕೊಳ್ಳೋದು ಮರ್ಯಾದೆ ಅಲ್ಲ."

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಕೊಡಿ. ಆಮೇಲೆ ಮನೇಲಿ ಕೂತು ಏನು ಮಾಡ್ತೀರಿ?"

"ಆರಾಮಾಗಿರ್ತೀನಿ."

"ಹೋದ ಸಲ ಜ್ವರ ಅಂತ ಮೂರು ದಿನ ಆರಾಮಾಗಿದ್ರಿ. ಮಿಕ್ಸಿ ಬಿಚ್ಚಿದ್ರಿ, ಫ್ಯಾನ್ ಬಿಚ್ಚಿದ್ರಿ. ನನ್ನ ಹೊಲಿಗೆ ಯಂತ್ರದ ಕಡೆ ನೋಡ್ತಾ ಇದ್ರಿ. ನಾನು ರಾತ್ರಿ ಅದರ ಪಕ್ಕದಲ್ಲೇ ಮಲಗಬೇಕಾಯ್ತು."

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಸೊಸೆ ತನ್ನ ಕಾರು ತಂದು ಗ್ಯಾರೇಜಿನ ಒಳಗೇ ನಿಲ್ಲಿಸಿದಳು. ಅವಳದ್ದೂ ಗುಂಡಿ ಕಾರೇ. ಅವಳು ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವವಳು, ಅವತ್ತು ರಜೆ. ಗಂಡ ರೈಲಿನ ಡ್ರೈವರ್, ಆ ವಾರ ಡ್ಯೂಟಿ ಮೇಲೆ ದೂರದಲ್ಲಿದ್ದ. ಕೈಯಲ್ಲಿ ಹೊಸ ಪ್ಯಾಡುಗಳ ಡಬ್ಬ ಹಿಡಿದಿದ್ದಳು.

"ಮಾವ, ಹಿಂದಿನ ಪ್ಯಾಡ್ ಹೋಗಿದೆ. ಹಾಕಿಕೊಡಿ."

"ನಿನಗೆ ಗೊತ್ತಲ್ಲಮ್ಮ. ಇದು ನನ್ನ ಕೈಲಾಗಲ್ಲ. ಕಂಪನಿಗೆ..."

"ಸರಿ. ಹಾಗಾದರೆ ನಾನೇ ಬಿಚ್ತೀನಿ. ಜಾಕ್ ಎಲ್ಲಿ?"

ಅವಳು ನಿಜವಾಗಿಯೂ ಜಾಕ್ ಎಳೆದು ತಂದು, ಇಡಬಾರದ ಕಡೆಯೇ ಇಟ್ಟಳು. ಬ್ರೇಕಣ್ಣ ಎರಡು ನಿಮಿಷ ತಡೆದುಕೊಂಡ. ಮೂರನೇ ನಿಮಿಷಕ್ಕೆ "ಏಳು, ಏಳು, ತಳ ಡೊಂಕು ಮಾಡ್ತೀಯ" ಎಂದು ಅವಳನ್ನು ಎಬ್ಬಿಸಿ ತಾನು ಕೂತ. ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಮೇಲೆ ಕಿಟಕಿಯಲ್ಲಿ ಹೊಲಿಗೆ ಯಂತ್ರ ಒಂದು ಗಳಿಗೆ ನಿಂತು, ಮತ್ತೆ ಚುರುಕಾಗಿ ಓಡತೊಡಗಿತು.

ಮೊದಲು ಮುಂದಿನ ಚಕ್ರಗಳಿಗೆ ಮರದ ತುಂಡು ಕೊಟ್ಟ. ಹಳೆಯ ರೈಲು ಹಳಿಯ ಕೆಳಗಿನ ದಿಮ್ಮಿಯಿಂದ ಮಗ ಕೊಯ್ಯಿಸಿ ತಂದಿದ್ದ ತುಂಡುಗಳು. ಆಮೇಲೆ ಕಾರನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದ. ಸೊಸೆ ಸ್ಕ್ಯಾನರಿನ ಹೂವಿನ ಕವರ್ ತೆಗೆದು, ಸ್ಟೇರಿಂಗಿನ ಕೆಳಗೆ ಅದರ ವೈರು ಸಿಕ್ಕಿಸಿ, ಕೀ ತಿರುಗಿಸಿ, ಪರದೆಯ ಮೇಲಿದ್ದುದನ್ನು ಪಾಠದ ಹಾಗೆ ಓದಿದಳು. "ಹಿಂದಿನ ಬ್ರೇಕ್. ಪ್ಯಾಡ್ ಬದಲಾವಣೆ. ಶುರು ಮಾಡಲಾ? ಆಮೇಲೆ ಇಲ್ಲೊಂದು ಎಚ್ಚರಿಕೆ ಇದೆ ಮಾವ. ಕೆಲಸ ಮುಗಿಯೋವರೆಗೆ ಗುಂಡಿ ಮುಟ್ಟಬಾರದಂತೆ."

"ನಾನ್ಯಾಕೆ ಮುಟ್ಟಲಿ ಆ ಗುಂಡೀನ? ಅದನ್ನ ಹ್ಯಾಂಡ್ ಬ್ರೇಕ್ ಅಂತ ನಾನು ಇನ್ನೂ ಒಪ್ಪೇ ಇಲ್ಲ."

ಮೇಲಿಂದ ಹೆಂಡತಿಯ ದನಿ ಬಂತು: "ಗುಂಡಿ ವಿಷಯ ಇದ್ರೆ ನನ್ನ ಕೇಳಿ. ದಿನಕ್ಕೆ ಇಪ್ಪತ್ತು ಹಾಕ್ತೀನಿ."

ಸೊಸೆ ಪರದೆ ಒತ್ತಿದಳು. ಹಿಂದಿನ ಚಕ್ರಗಳಿಂದ ಝುಯ್ ಎಂದು ಒಂದು ಸದ್ದು ಹೊರಟು, ಸ್ವಲ್ಪ ದೂರ ಹೋಗಿ, ಟಕ್ ಎಂದು ನಿಂತಿತು. ಬ್ರೇಕಣ್ಣನ ಕಿವಿ ನೆಟ್ಟಗಾಯಿತು. ಅಷ್ಟು ಸಣ್ಣ ಮೋಟಾರು ಅಷ್ಟು ಅಚ್ಚುಕಟ್ಟಾಗಿ ಹಾಡಬಹುದು ಎಂದು ಅವನು ಎಣಿಸಿರಲಿಲ್ಲ. "ಇನ್ನೊಂದು ಸಲ ಮಾಡು" ಎಂದ. "ಈಗ ಆಗಲ್ಲ ಮಾವ, ಹಿಂದಕ್ಕೆ ಹೋಗಿಬಿಟ್ಟಿದೆ" ಎಂದಳು. ಅವನಿಗೆ ನಿರಾಸೆಯೇ ಆಯಿತು.

ಅಲ್ಲಿಂದ ಮುಂದಿನದು ಅವನ ಸ್ವಂತ ರಾಜ್ಯ. ಒಂದು ಕಡೆ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಬೇಕು, ಅನುಮಾನ ಬಂದರೆ ನೋಡಿಕೊಳ್ಳಲು ಒಂದು ಇರಬೇಕು, ಇದು ಗುರುವಿನ ನಿಯಮ. ಎಡಚಕ್ರ ಕಳಚಿದ. ಪ್ಯಾಡುಗಳನ್ನು ಒತ್ತಿ ಹಿಡಿಯುವ ಕ್ಯಾಲಿಪರಿನ ಎರಡು ಬೋಲ್ಟ್ ತೆಗೆದು, ಬ್ರೇಕ್ ಪೈಪಿನ ಮೇಲೆ ಭಾರ ಬೀಳದಂತೆ ತಂತಿಯ ಕೊಕ್ಕೆಯಲ್ಲಿ ತೂಗು ಹಾಕಿದ. ಹಳೆಯ ಪ್ಯಾಡುಗಳನ್ನು ಎತ್ತಿ ಸೊಸೆಯ ಅಂಗೈ ಮೇಲಿಟ್ಟ. "ನೋಡು, ಬಿಸ್ಕತ್ತಿನಷ್ಟು ದಪ್ಪ ಇರಬೇಕಾದ್ದು ಹಪ್ಪಳ ಆಗಿದೆ." ಪ್ಯಾಡು ಕೂರುವ ಜಾಗದ ತುಕ್ಕನ್ನು ತಂತಿ ಬ್ರಶ್ಶಿನಲ್ಲಿ ಉಜ್ಜಿದ. ಸಿಳ್ಳೆ ಹೊಡೆಯುತ್ತಿದ್ದ. ತಾನು ಸಿಳ್ಳೆ ಹೊಡೆಯುತ್ತಿದ್ದೇನೆ ಎಂಬುದು ಅವನಿಗೇ ತಿಳಿದಿರಲಿಲ್ಲ.

ಆಗ ಮೇಲಿನಿಂದ ಹೆಂಡತಿ ಕೂಗಿದಳು. "ರೀ, ಹಾಸಿಗೆಯವರ ಫೋನು. ಐದಕ್ಕೆ ಬಡಗಿಯನ್ನೂ ಕರ್ಕೊಂಡು ಬರ್ತಾರಂತೆ, ಮಾತಾಡಬೇಕಂತೆ."

ಬಡಗಿ ಎಂಬ ಮಾತು ಕೇಳಿದ್ದೇ ತಂತಿ ಬ್ರಶ್ಶು ಕೆಳಗಿಟ್ಟ. ಬ್ರೇಕಣ್ಣ ಮೊಣಕಾಲು ಹಿಡಿದು ಎದ್ದ. ಎದ್ದ ಕೂಡಲೇ ಎಡಗೈ, ತಲೆಯನ್ನು ಒಂದು ಮಾತೂ ಕೇಳದೆ, ತೆರೆದ ಬಾಗಿಲಿನೊಳಗೆ ಹೋಯಿತು. ನಲವತ್ತು ವರ್ಷದ ಅಭ್ಯಾಸದಂತೆ ಹಿಡಿಯನ್ನು ಹುಡುಕಿತು. ಹಿಡಿ ಇರಲಿಲ್ಲ. ಬೆರಳಿಗೆ ಗುಂಡಿ ಸಿಕ್ಕಿತು. ಎತ್ತಿತು.

ಕೆಲವು ಕಾರುಗಳು ಇಂಥ ಹೊತ್ತಿನಲ್ಲಿ ಗುಂಡಿಯ ಮಾತು ಕೇಳುವುದಿಲ್ಲ. ಈ ಕಾರಿಗೆ ಅಷ್ಟು ವಿವೇಕ ಇರಲಿಲ್ಲ. ಬಲಗಡೆ ಝುಯ್ ಎಂದು ಹೋಗಿ, ಇನ್ನೂ ಹಾಗೇ ಇದ್ದ ಹಳೆಯ ಪ್ಯಾಡನ್ನು ಹಿಡಿದು, ಟಕ್ ಎಂದು ನಿಂತಿತು. ಎಡಗಡೆ ಹಿಡಿಯಲು ಏನೂ ಇರಲಿಲ್ಲ. ಆ ಮೋಟಾರು ಝುಯ್ಯ್ ಎಂದು ಹೋಗುತ್ತಲೇ ಇತ್ತು, ಹೋಗುತ್ತಲೇ ಇತ್ತು. ತೂಗುತ್ತಿದ್ದ ಕ್ಯಾಲಿಪರಿನೊಳಗಿಂದ ಪಿಸ್ಟನ್ ಬಾಯಿ ಬಿಟ್ಟವನ ನಾಲಿಗೆಯ ಹಾಗೆ ಮುಂದೆ ಮುಂದೆ ಬಂದು, ಇನ್ನು ಒಂದು ಕೂದಲೆಳೆ ಬಂದರೆ ಕಳಚಿ ಬೀಳುತ್ತದೆ ಎನ್ನುವಲ್ಲಿ ನಿಂತಿತು.

ಸೊಸೆ ಸ್ಕ್ಯಾನರ್ ಹಿಡಿದು ನಿಂತಿದ್ದಳು.

"ಏನಾಯ್ತು ಮಾವ? ಯಾರು ಮುಟ್ಟಿದ್ದು?"

ಹೇಳದೆ ಇರಬಹುದಿತ್ತು. ವೈರು ಸಡಿಲ, ಕಂಪ್ಯೂಟರಿಗೆ ತಲೆ ಕೆಟ್ಟಿದೆ ಎನ್ನಬಹುದಿತ್ತು. ಬ್ರೇಕಣ್ಣ ತನ್ನ ಎಡಗೈಯನ್ನು ಎತ್ತಿ ತೋರಿಸಿದ. "ಇವನು" ಎಂದ.

ಸೊಸೆ ನಗಬಾರದು ಎಂದು ತುಟಿ ಕಚ್ಚಿಕೊಂಡಳು. ಆಗಲಿಲ್ಲ. ಆದರೆ ಸ್ಕ್ಯಾನರ್ ನಗಲಿಲ್ಲ. ಮತ್ತೆ ಹಿಂದಕ್ಕೆ ಸರಿಸಲು ಒತ್ತಿದರೆ ಮೋಟಾರು ಝು ಎಂದು ಶುರುವಾಗಿ ಅಲ್ಲೇ ಕೂತುಬಿಡುತ್ತಿತ್ತು. ಪರದೆಯ ಮೇಲೆ ಒಂದೇ ಪದ: ವಿಫಲ. ಎರಡನೇ ಸಲ, ವಿಫಲ. ಮೂರನೇ ಸಲವೂ ಅದೇ. ವೈರು ಕಿತ್ತು ಸಿಕ್ಕಿಸಿ, ಮತ್ತೆ ಮತ್ತೆ ಒತ್ತಿ ನೋಡುವಷ್ಟರಲ್ಲಿ ಗಂಟೆ ಎರಡಾಗಿತ್ತು. ಊಟಕ್ಕೆ ಕರೆದರೂ ಯಾರೂ ಏಳಲಿಲ್ಲ.

"ಅಲ್ಲಿಗೆ ಮುಗೀತು ಬಿಡು" ಎಂದ ಬ್ರೇಕಣ್ಣ. "ನಿನ್ನ ಕಾರೂ ಹಾಳು ಮಾಡಿದೆ. ಹಾಸಿಗೆಯವರು ಬರಲಿ, ಬೀಗದ ಕೈ ಕೊಟ್ಟು ಕೈ ತೊಳ್ಕೊತೀನಿ."

ಹಾಗೆನ್ನುತ್ತಲೇ ಮೂಲೆಯಿಂದ ದೊಡ್ಡ ಕ್ಲಾಂಪ್ ತಂದ. ಎಂಥ ಹಠಮಾರಿ ಪಿಸ್ಟನ್ನನ್ನೂ ಒಳಕ್ಕೆ ದಬ್ಬಿದ ಕ್ಲಾಂಪ್ ಅದು. ಪಿಸ್ಟನ್ನಿಗೆ ಕೂರಿಸಿ ಅರ್ಧ ಸುತ್ತು ತಿರುಗಿಸಿದ. ಗಟ್ಟಿ. ಕಲ್ಲಿನ ಹಾಗೆ ಗಟ್ಟಿ. ಇನ್ನು ಅರ್ಧ ಸುತ್ತು ಕೊಡುವ ತೋಳ್ಬಲ ಅವನಲ್ಲಿತ್ತು, ಸಿಟ್ಟೂ ಇತ್ತು. ತಲೆ ಎತ್ತಿದರೆ ಎದುರಿಗೆ ಗೋಡೆಯ ಮೇಲೆ ಚಪ್ಪಟೆ ಸೈಕಲ್. ಹತ್ತೊಂಬತ್ತರಲ್ಲಿ ಒಂದು ಗಳಿಗೆಯ ಅವಸರಕ್ಕೆ ಬಲಿಯಾದ ಸೈಕಲ್. ಬ್ರೇಕಣ್ಣ ಕ್ಲಾಂಪನ್ನು ನಿಧಾನಕ್ಕೆ ಸಡಿಲಿಸಿ ನೆಲದ ಮೇಲಿಟ್ಟ.

"ಇನ್ನೊಂದು ಸಲ ಒತ್ತು. ನಾನು ಕೇಳ್ತೀನಿ."

ನೆಲದ ಮೇಲೆ ಉದ್ದಕ್ಕೆ ಮಲಗಿ ಕ್ಯಾಲಿಪರಿಗೆ ಕಿವಿ ಕೊಟ್ಟ. ಸೊಸೆ ಒತ್ತಿದಳು. ಝು... ಎಂದು ಎದ್ದು, ಒಂದು ಮೆಟ್ಟಿಲು ಹತ್ತಿ ಸೊಂಟ ಹಿಡಿದುಕೊಂಡ ಮುದುಕನ ಹಾಗೆ ನಿಂತಿತು.

"ಇನ್ನೊಂದು ಸಲ." ಝು... "ಇನ್ನೊಂದು." ಈ ಸಲ ಇನ್ನೂ ಮೆಲ್ಲಗೆ.

ಬ್ರೇಕಣ್ಣ ಎದ್ದು ಕೂತ. ಅವನ ಮುಖ ಬದಲಾಗಿತ್ತು. "ಇದಕ್ಕೆ ಏನೂ ಆಗಿಲ್ಲಮ್ಮ. ಹಲ್ಲು ಮುರಿದಿದ್ರೆ ಕರಕರ ಅನ್ನಬೇಕಿತ್ತು. ಇದು ಹೊಟ್ಟೆಗಿಲ್ಲದ ಸದ್ದು. ಬೆಳಿಗ್ಗೆ ಬಿಟ್ಟಾಗ ಇದ್ದ ದನಿ ಈಗ ಇಲ್ಲ. ಕೀ ಎಷ್ಟು ಹೊತ್ತಿಂದ ಹಾಕಿದೆ?"

"ಒಂಬತ್ತೂವರೆಯಿಂದ."

"ಬಾಗಿಲು ತೆಗೆದು, ಒಳಗೆ ಲೈಟು ಉರೀತಾ ಇದೆ. ಅದೇನದು ಬಿಳಿ ವೈರು?"

ಸೊಸೆ ನಾಲಿಗೆ ಕಚ್ಚಿಕೊಂಡಳು. "ನನ್ನ ಫೋನು ಚಾರ್ಜಿಗೆ ಹಾಕಿದ್ದೆ ಮಾವ."

"ಸರಿಹೋಯ್ತು. ಬ್ಯಾಟರಿ ಉಪವಾಸ, ಮೋಟಾರು ಉಪವಾಸ, ನಾವೂ ಉಪವಾಸ. ನಿನ್ನ ಫೋನಿಗೆ ಮಾತ್ರ ಊಟ."

ಬ್ಯಾಟರಿಗೆ ಚಾರ್ಜರ್ ಹಚ್ಚಿ ಮೂವರೂ ಊಟಕ್ಕೆ ಕೂತರು. ಬ್ರೇಕಣ್ಣ ತುತ್ತಿಗೊಮ್ಮೆ ಗಡಿಯಾರ ನೋಡುತ್ತಿದ್ದ. ಮುಕ್ಕಾಲು ಗಂಟೆ ಆದದ್ದೇ ಕೆಳಗೆ ಓಡಿದ. ಸೊಸೆ ಒತ್ತಿದಳು. ಝುಯ್ಯ್ ಎಂದು ಬೆಳಗಿನದೇ ದನಿ, ತುಂಬು ದನಿ. ಹೋಯಿತು, ಹೋಯಿತು, ಟಕ್. ಸ್ಕ್ಯಾನರಿನ ಪರದೆಯ ಮೇಲೆ ಹಸಿರು ಗುರುತು. ಬ್ರೇಕ್ ಆಯಿಲ್ ಡಬ್ಬದ ಮುಚ್ಚಳ ತೆಗೆದಿಟ್ಟು ಪಿಸ್ಟನ್ನಿನ ಮೇಲೆ ಮೆಲ್ಲಗೆ ಕ್ಲಾಂಪ್ ಒತ್ತಿದರೆ, ಬೆಣ್ಣೆಯೊಳಕ್ಕೆ ಬೆರಳು ಹೋದ ಹಾಗೆ ಅದು ಒಳಕ್ಕೆ ಹೋಯಿತು. ಅಂಚಿನ ರಬ್ಬರನ್ನು ಬೆರಳಿನಿಂದ ಸುತ್ತ ಸವರಿ ನೋಡಿದ. ಒಂದು ಹನಿ ಸೋರಿರಲಿಲ್ಲ.

"ಮಾವ, ನನ್ನ ಆಸ್ಪತ್ರೆಯ ಯಂತ್ರವೂ ಇಷ್ಟು ಹೇಳಲ್ಲ" ಎಂದಳು ಸೊಸೆ. "ಹೋದ ವರ್ಷ ಪರೀಕ್ಷೆ ಮಾಡಿದಾಗಲೇ ನಿಮ್ಮ ಕಿವಿ ಇಪ್ಪತ್ತರ ಹುಡುಗನದು ಅಂತ ಬಂದಿತ್ತು."

ಮೆಟ್ಟಿಲ ಮೇಲೆ ನಿಂತಿದ್ದ ಹೆಂಡತಿ ಆ ಮಾತನ್ನು ತಟ್ಟನೆ ಹಿಡಿದುಕೊಂಡಳು. "ಹಾಗಾದರೆ ನಾನು ಕರೆದಾಗ ಕೇಳದೇ ಇರೋದು ಕಾಯಿಲೆ ಅಲ್ಲ. ಕೊಬ್ಬು."

ಎಡಗಡೆ ಹೊಸ ಪ್ಯಾಡು ಕೂತಿತು. ಆಮೇಲೆ ಬಲಗಡೆ, ಇಪ್ಪತ್ತೇ ನಿಮಿಷ. ಅಷ್ಟು ಹೊತ್ತೂ ಬ್ರೇಕಣ್ಣ ಎಡಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡೇ ಏಳುತ್ತಿದ್ದ. ಅದೂ ಸಾಲದೆಂದು ಹೆಂಡತಿ ಬಂದು ಗುಂಡಿಯ ಮೇಲೆ ಒಂದು ತುಂಡು ಬಟ್ಟೆ ಹಾಕಿ ನಾಲ್ಕು ಕಡೆ ಟೇಪ್ ಅಂಟಿಸಿ ಹೋಗಿದ್ದಳು. ಚಕ್ರ ಹಾಕಿದ ಮೇಲೆ ಸೊಸೆ ಬ್ರೇಕ್ ಪೆಡಲನ್ನು ಒತ್ತಿ ಒತ್ತಿ ಗಟ್ಟಿ ಮಾಡಿದಳು. ಕೆಲಸ ಮುಗಿಯಿತೆಂದು ಸ್ಕ್ಯಾನರಿಗೆ ಹೇಳಿದಳು. ಮೋಟಾರುಗಳು ತಾವಾಗಿಯೇ ಒಮ್ಮೆ ಮುಂದೆ ಬಂದು ಹಿಂದೆ ಹೋಗಿ ಹೊಸ ಪ್ಯಾಡಿನ ಅಳತೆ ನೋಡಿಕೊಂಡವು.

"ಈಗ ಬಟ್ಟೆ ತೆಗೀರಿ ಮಾವ. ನೀವೇ ಎಳೀರಿ."

ಬ್ರೇಕಣ್ಣ ಸೀಟಿನಲ್ಲಿ ಕೂತು ಗುಂಡಿಯನ್ನು ಎತ್ತಿದ. ಝುಯ್, ಟಕ್. ಎಡವೂ ಬಲವೂ ಒಂದೇ ಅಳತೆ, ಜೊತೆಗೆ ನಡೆಯುವ ಎರಡು ಎತ್ತಿನ ಹೆಜ್ಜೆಯ ಹಾಗೆ. ಒತ್ತಿದ, ಎತ್ತಿದ. ನಾಲ್ಕು ಸಲ ಆದ ಮೇಲೆ ಸೊಸೆ ಕೈ ಹಿಡಿದಳು. "ಸಾಕು ಮಾವ, ಬ್ಯಾಟರಿ."

ಇಬ್ಬರೂ ಕಾರನ್ನು ಏರುರಸ್ತೆಯ ತೀರ ಕಡಿದಾದ ಕಡೆಗೆ ಒಯ್ದರು. ದಾರಿಯಲ್ಲಿ ಹತ್ತಾರು ಸಲ ಮೆಲ್ಲಗೆ ಬ್ರೇಕ್ ಹಿಡಿದು ಬಿಟ್ಟು ಹೊಸ ಪ್ಯಾಡನ್ನು ಪಳಗಿಸಿದ. ಏರಿನ ಮಧ್ಯೆ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಗುಂಡಿ ಎತ್ತಿ, ಪೆಡಲಿನಿಂದ ಕಾಲು ತೆಗೆದ. ಕಾರು ಒಂದು ಬೆರಳಷ್ಟೂ ಕದಲಲಿಲ್ಲ. ನೆಲದಿಂದ ಬೆಳೆದ ಮರದ ಹಾಗೆ ನಿಂತಿತ್ತು. ಬ್ರೇಕಣ್ಣ ಸುಮ್ಮನೆ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದ.

"ನಿಮ್ಮ ಮಗನಿಗೆ ಫೋನ್ ಮಾಡಿ ಹೇಳ್ಲಾ?" ಎಂದಳು ಸೊಸೆ.

"ಅವನಿಗೇನು ಗೊತ್ತು ಬ್ರೇಕಿನ ವಿಷಯ? ಅವನು ಇಲ್ಲಿ ಹಿಡಿದರೆ ಮುಂದಿನ ಸ್ಟೇಷನ್ನಲ್ಲಿ ನಿಲ್ಲುತ್ತೆ." ಕಾರನ್ನು ತಿರುಗಿಸುತ್ತ, "ಮಾಡು" ಎಂದ.

ಐದಕ್ಕೆ ಐದು ನಿಮಿಷ ಇರುವಾಗ ಬ್ರೇಕಣ್ಣ ಗ್ಯಾರೇಜಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಕೆಳಗಿನ ತಿರುವಿನಲ್ಲಿ ಕಾರು ಇನ್ನೂ ಕಾಣುವ ಮೊದಲೇ ಅದರ ಕೀಂ ಕೇಳಿತು. ಹೋದ ವಾರಕ್ಕಿಂತ ಜೋರಾಗಿತ್ತು. ಹಾಸಿಗೆಯ ಯಜಮಾನರು ಬಂದು ನಿಲ್ಲಿಸಿದರು. ಪಕ್ಕದ ಸೀಟಿನಲ್ಲಿ ಟೇಪು ಹಿಡಿದ ಬಡಗಿ. ಕಾರಿನ ಒಳಗಿಂದ ಝುಯ್ ಎಂದಿತು. ಬಲ ಬೇಗ ನಿಂತಿತು. ಎಡ ಇನ್ನೂ ಸ್ವಲ್ಪ ದೂರ ನಡೆದು ನಿಂತಿತು.

ಮೇಲಿನ ಕಿಟಕಿಯಲ್ಲಿ ಹೊಲಿಗೆ ಯಂತ್ರ ನಿಂತುಹೋಗಿತ್ತು.

"ನಮಸ್ಕಾರ. ಏನು ತೀರ್ಮಾನ ಮಾಡಿದ್ರಿ?" ಎಂದು ಯಜಮಾನರು ಇಳಿದರು.

"ಸಾರ್, ಮೊದಲು ಒಂದು ತಪ್ಪೊಪ್ಪಿಗೆ" ಎಂದ ಬ್ರೇಕಣ್ಣ. "ನಿಮ್ಮ ಎಡಗಡೆ ಹಿಂದಿನ ಪ್ಯಾಡ್ ಸವೆದಿದೆ. ಹೋದ ವಾರವೇ ಗೊತ್ತಿತ್ತು, ಹೇಳಲಿಲ್ಲ. ಆಗ ನನಗೆ ಈ ಕೆಲಸ ಬರ್ತಿರಲಿಲ್ಲ."

"ಈಗ?"

"ಈಗ ಬರುತ್ತೆ. ಇವತ್ತು ಮಧ್ಯಾಹ್ನ ಬಂತು."

ಯಜಮಾನರು ಅವನನ್ನು ನೋಡಿದರು, ಒಳಗೆ ನಿಂತಿದ್ದ ಸೊಸೆಯ ಕಾರನ್ನು ನೋಡಿದರು, ಗೋಡೆಯ ಸೈಕಲ್ ನೋಡಿದರು. "ಅಂದರೆ ಜಾಗ ಇಲ್ಲ" ಎಂದರು.

"ಜಾಗ ಇಲ್ಲ ಸಾರ್. ಕಾರು ಮಾತ್ರ ಇಲ್ಲೇ ಬಿಟ್ಟು ಹೋಗಿ. ಇದರಲ್ಲಿ ನಿಮ್ಮನ್ನ ಮತ್ತೆ ಈ ಇಳಿಜಾರಿಗೆ ಬಿಡಲ್ಲ. ಸೋಮವಾರ ಪ್ಯಾಡ್ ತಂದು ಹಾಕ್ತೀನಿ. ನನ್ನ ಸೊಸೆ ನಿಮ್ಮಿಬ್ಬರನ್ನೂ ಮನೆಗೆ ಬಿಡ್ತಾಳೆ."

ಯಜಮಾನರು ಹೊಟ್ಟೆ ಕುಣಿಯುವಂತೆ ನಕ್ಕರು. "ಜಾಗ ಕೇಳೋಕೆ ಬಂದೆ, ಕಾರನ್ನೂ ಕಿತ್ಕೊಂಡ್ರಿ" ಎಂದು ಕೀಲಿ ಕೊಟ್ಟರು. ಬಡಗಿ ಟೇಪನ್ನು ಜೇಬಿಗೆ ಇಳಿಸಿದ. ಮೇಲೆ ಹೊಲಿಗೆ ಯಂತ್ರ ಮತ್ತೆ ಓಡಿತು, ಇಡೀ ದಿನದಲ್ಲಿ ಅಷ್ಟು ಜೋರಾಗಿ ಓಡಿರಲಿಲ್ಲ.

ಸೊಸೆಯ ಕಾರು ಹತ್ತುವ ಮುಂಚೆ ಯಜಮಾನರು ತಿರುಗಿ ನಿಂತರು. "ಅಲ್ಲ, ನಿಮ್ಮ ಬಗ್ಗೆ ಈ ರಸ್ತೇಲಿ ಏನೋ ಹೇಳ್ತಾರಲ್ಲ. ಕಾರಿಂದ ಇಳಿದವರನ್ನ ಮೊದಲು ಏನೋ ಕೇಳ್ತೀರಂತೆ. ನನ್ನ ಕೇಳಲೇ ಇಲ್ಲ?"

"ನೀವು ಎಳೆದಿದ್ದು ಕೇಳಿಸ್ತು ಸಾರ್" ಎಂದ ಬ್ರೇಕಣ್ಣ. ಆದರೂ ಹೋಗಿ ಅವರ ಕಾರಿನ ಚಕ್ರದ ಹಿಂದೆ ಒಂದು ಮರದ ತುಂಡು ಇಟ್ಟು, ಅದನ್ನು ಕಾಲಿನಿಂದ ಒತ್ತಿ ಕೂರಿಸಿಯೇ ಬಂದ.